ಮೂರನೆಯ ದಿಂಬು

ಹನ್ನೆರಡು ದಿನಾರಿಗೆ ಸೋಫಾ ಕೊಂಡೆವು,
ಗುದೈಬಿಯಾದ ಹಿಂದಿನ ಬೀದಿಯಲ್ಲಿ,
ಫೈನಲ್ ಎಕ್ಸಿಟ್ ಹೊಡೆಸಿಕೊಂಡು ಹೊರಟಿದ್ದ
ಮನಿಲಾದ ಸಂಸಾರವೊಂದರಿಂದ.
ರೈಸ್ ಕುಕ್ಕರ್ ಪುಕ್ಕಟೆ, ಮುಚ್ಚಳ ಇಲ್ಲದ್ದು.
ಲಿಫ್ಟಿಗೆ ಹಿಡಿಸಲಿಲ್ಲ. ಹೊತ್ತು ತಂದ ಇವರು
ಎರಡನೆಯ ಮಹಡಿಯ ತಿರುವಿನಲ್ಲಿ
ಉಸ್ಸೆಂದು ಅದರ ಮೇಲೇ ಕುಂತುಬಿಟ್ಟರು.
ಎಷ್ಟೋ ದಿನ ಅದೇ ಕೊನೆ,
ಅವರು ಅದರಲ್ಲಿ ಆರಾಮಾಗಿ ಕುಂತದ್ದು.

ಮರುದಿನ ಬೆಳಕಿಗೆ ಕಂಡಿತು ತೂತು:
ಎಡಗಡೆ, ಸೀಟು ಬೆನ್ನಿಗೆ ಸೇರುವಲ್ಲಿ,
ನೂರು ಫಿಲ್ಸ್ ನಾಣ್ಯದಷ್ಟು ಅಗಲ,
ಕಂದು ಅಂಚು, ಒಳಗೆ ಹಳದಿ ಸ್ಪಂಜು,
ರೊಟ್ಟಿ ಹೊತ್ತಿದಾಗ ಏಳುವ ಕಣ್ಣಿನ ಹಾಗೆ.

ಹೋಗಲಿ, ದಿಂಬು ಇವೆಯಲ್ಲ.

ಟ್ರಂಕಿನ ತಳದಲ್ಲಿ ಗುಳೇದಗುಡ್ಡದ ಖಣಗಳು,
ಸೀಮಂತಕ್ಕೆ ಬಂದವು, ಉಡಿಯಲ್ಲಿ ಬಿದ್ದವು,
ಯಾವ ಅಳತೆಗೂ ಹೊಲಿಸದೆ ಉಳಿದವು.
ಮನಾಮಾ ಸೂಕಿನ ದರ್ಜಿ ಶಮ್ಸುಲ್
ಬೆಳಕಿಗೆ ಹಿಡಿದು "ಬ್ಲೌಸಾ?" ಅಂದ.
ದಿಂಬು, ಅಂದೆ.
"ಹಾಗಾದರೆ ತೋಳು ಬೇಡ" ಅಂದು ಬರೆದುಕೊಂಡ.

ಫೋನಿನಲ್ಲಿ ನೋಡಿ ಕಲಿತೆ:
ಬೆಸ ಸಂಖ್ಯೆ ಇರಬೇಕು, ದೊಡ್ಡವು ಹಿಂದೆ,
ಅಂಗೈಯ ಅಂಚಿನಿಂದ ನೆತ್ತಿಗೊಂದು ಏಟು,
ಬೆಕ್ಕಿನ ಕಿವಿಯಂತೆ ಎರಡೂ ಮೂಲೆ ನಿಮಿರಬೇಕು.
ಐದು ಇಟ್ಟೆ. ಮೂರನೆಯದು, ಕುಂಕುಮದ ಬಣ್ಣದ್ದು,
ತೂತಿನ ಮೇಲೆ, ತುಸು ಓರೆ,
ತಾನೇ ಬಿದ್ದದ್ದು, ಯಾರೂ ಇಟ್ಟದ್ದಲ್ಲ ಅನ್ನುವಂತೆ.
ಆ ಓರೆಗೇ ಅರ್ಧ ತಾಸು ಹಿಡಿಯಿತು.

"ನಾ ಎಲ್ಲಿ ಕುಂಡ್ರಲಿ?" ಅಂದರು ಇವರು,
ಪಾಳಿ ಮುಗಿಸಿ ಬಂದು, ಬೂಟಿನ ಧೂಳು ಕೊಡವುತ್ತ.
ನೆಲ ತೋರಿಸಿದೆ.
ನೆಲ ತಣ್ಣಗಿತ್ತು, ಅದೂ ಖರೆ.

ಜುಲೈ. ಕಿಟಕಿಯ ಗಾಜು ಹೊರಗಿನಿಂದ ಬೆವರುತ್ತಿತ್ತು.
ಶುಕ್ರವಾರ ಐದನೆಯ ಮಹಡಿಯ ಸೆವ್ರಿನ್ ಬಾಯಿ ಬಂದರು,
ಒಂದು ಕೈಯಲ್ಲಿ ಬನ್ಸಿನ ಡಬ್ಬಿ, ಒಂದು ಕೈ ಸೊಂಟದ ಮೇಲೆ.
ಇಪ್ಪತ್ತಾರು ವರ್ಷ ಇದೇ ಊರಿನ ನೀರು ಕುಡಿದವರು.
ಸೋಫಾ ಕಂಡು ಬಾಗಿಲಲ್ಲೇ ನಿಂತರು.
ಆಮೇಲೆ ನೇರ ಹೋಗಿ
ಐದರಲ್ಲಿ ಆ ಒಂದನ್ನೇ ಎತ್ತಿ
ತೂತಿಗೆ ತೋರುಬೆರಳು ಇಟ್ಟರು.

"ನಮ್ಮ ಜೋಯ್ಲಿನ್‌ಗೆ ಆಗ ನಾಲ್ಕು ವರ್ಷ.
ಪಕ್ಕದ ಮನೆಯ ಅರಬಿ ಅಮ್ಮ
ಬಖೂರ್ ಹಾಕಿ ಧೂಪದ ಕುಡಿಕೆ ಕೊಟ್ಟಿದ್ದರು.
ಇವಳು ಗೊಂಬೆಯ ಕೂದಲಿಗೆ ಹೊಗೆ ಹಿಡಿದಳು ಮಾರಾಯ್ತಿ.
ಗೊಂಬೆಗೆ ಏನೂ ಆಗಲಿಲ್ಲ."

ಆಗ ಇಲ್ಲಿ ಹಸಿರು ವೆಲ್ವೆಟ್ಟಿನ ದಿಂಬಿತ್ತಂತೆ.
ಅವರಿಂದ ಕೊಂಡ ಲಾಹೋರಿನ ಮೇಷ್ಟ್ರು
ಕನ್ನಡಿ ಹಚ್ಚಿದ್ದು ಇಟ್ಟಿದ್ದರಂತೆ.
ಮನಿಲಾದವರದು ಉದ್ದ ಕಿವಿಯ ಮೊಲ,
ಅದನ್ನು ನಾನೇ ಕಂಡಿದ್ದೆ.
ನಡುವೆ ಇನ್ನೆಷ್ಟು ಮಂದಿಯೋ.

"ಒಂದು ಹೊಲಿಗೆ ಹಾಕಬಹುದಿತ್ತಲ್ಲ ಬಾಯಿ?"
"ಬರುವ ವರ್ಷ ಊರಿಗೆ ಹೊರಡುವುದಿತ್ತಲ್ಲ," ಅಂದರು,
"ಯಾಕೆ ಸುಮ್ಮನೆ ಅಂತ."

ಬರುವ ವರ್ಷ ಅಂದರೆ ಯಾವುದು, ಕೇಳಲಿಲ್ಲ.
ನಮ್ಮದೂ ಅದೇ ವರ್ಷ.

ಬಾಯಿ ಖಣವನ್ನು ಬೆರಳಲ್ಲಿ ಸವರಿ,
"ರವಿಕೆ ಬಟ್ಟೆಯಲ್ಲವಾ" ಅಂದು
ಸೊಂಟದ ಹಿಂದೆ ಒತ್ತಿಕೊಂಡು ಕುಳಿತರು.
ದಿಂಬು ಇರುವುದು ಇದಕ್ಕೂ ಹೌದು,
ನನಗೆ ಮರೆತೇಹೋಗಿತ್ತು.
ಚಹಾ ಮುಗಿಯುವವರೆಗೆ ತೂತು ತೆರೆದೇ ಇತ್ತು
ನಮ್ಮಿಬ್ಬರ ನಡುವೆ.
ಬನ್ಸಿನ ಚೂರೊಂದು ಒಳಗೆ ಬಿತ್ತು,
ಬೆರಳು ಹಾಕಿ ನಾನೇ ತೆಗೆದೆ.

ಅವರು ಹೋದ ಮೇಲೆ ದಿಂಬಿನಲ್ಲಿ ಸೊಂಟದಷ್ಟು ತಗ್ಗು.
ಏಟು ಕೊಡಲು ಅಂಗೈ ಎತ್ತಿದ್ದೆ,
ಬೀಗದಲ್ಲಿ ಕೀಲಿ ತಿರುಗಿತು.
ಬಂದವರೇ ಇವರು, ಬೂಟು ಸಹಿತ,
ಆ ತಗ್ಗಿಗೇ ಬೆನ್ನು ಕೊಟ್ಟು ಕಣ್ಣು ಮುಚ್ಚಿದರು.
"ಯಾರ್ ಬಂದಿದ್ರು?"

ಸೋಫಾದವರು, ಅಂದೆ.