ಒಂದೇ ಕುದುರೆಯ ಟೆಕ್ಸಸ್

ನನ್ನ ಬಿತುವೆನ್ ಆ ಸಿನಿಮಾದಲ್ಲಿ
ನಾಲ್ಕು ಕುದುರೆಯಾಗಿತ್ತು.
ಬೆಳಿಗ್ಗೆ ಕಂದು, ಹುಟ್ಟಿದ ಬಣ್ಣ: ಷೆರೀಫನದು.
ಹತ್ತಕ್ಕೆ ಬೂಟ್ ಪಾಲಿಶ್ ಬಳಿದರೆ
ಡಕಾಯಿತನ ಕರಿ ಕುದುರೆ.
ಊಟದ ಹೊತ್ತಿಗೆ ಕೆರೆಗೆ ಒಯ್ದು ತಿಕ್ಕಿ ತೊಳೆದು
ಮೈತುಂಬ ಮೈದಾ ಎರಚಿದರೆ ಬಿಳಿಯದು, ನಾಯಕನದು.
ಸಂಜೆಗೆ ಅರ್ಧ ಹಿಟ್ಟು ತಾನೇ ನೆಕ್ಕಿ
ಚುಕ್ಕೆ ಚುಕ್ಕೆಯಾಗಿ ನಿಂತಾಗ
ಸೆಲ್ಸೊ ಸಾಹೇಬ ತಲೆ ಕೆರೆದುಕೊಂಡು ಅಂದ:
ಇರಲಿ ಬಿಡು, ಇದು ಅಪಾಚೆಗಳದ್ದು.

ಪಾವಾಯ್‌ನ ಮರಳುದಿಬ್ಬವೇ ಟೆಕ್ಸಸ್.
ಪಡುವಣದ ಕಥೆ,
ಆದರೆ ಕ್ಯಾಮೆರಾ ಪಡುವಣಕ್ಕೆ ತಿರುಗುವಂತಿಲ್ಲ:
ಅಲ್ಲಿ ಸಮುದ್ರ, ಮೀನು ಒಣಗಿಸುವ ಚಪ್ಪರ,
ನಮ್ಮೂರ ಹೆಂಗಸರು.

ಆ ವರ್ಷ ಯಾರ ಮನೆಯಲ್ಲೂ ಬಂದೂಕು ಇರಕೂಡದು.
ಶವಪೆಟ್ಟಿಗೆಯ ಬಡಗಿ ಹೊನೊರಿಯೊ
ಮಿಕ್ಕ ಹಲಗೆಯಲ್ಲಿ ಹದಿನಾಲ್ಕು ಪಿಸ್ತೂಲು ಕೆತ್ತಿದ.
ಜೀಪಿನಲ್ಲಿ ಸಿಪಾಯಿಗಳು ಬಂದರು,
ಮರದವನ್ನೂ ಎಣಿಸಿದರು, ಬರೆದುಕೊಂಡರು,
ಹೊರಡುವಾಗ ಮತ್ತೊಮ್ಮೆ ಎಣಿಸಿದರು.
ಹಲಗೆಯ ಪಿಸ್ತೂಲು ಕೆಳಗೆ ಬಿದ್ದರೆ ಟಕ್ ಅನ್ನುತ್ತದೆ,
ಬಿಸಿಲಿಗೆ ಬಿರುಕು ಬಿಡುತ್ತದೆ.
ಅದಕ್ಕೇ ಕಥೆಯಲ್ಲಿ ನಾಯಕ ಪ್ರತಿ ಜಗಳದಲ್ಲೂ
'ಗುಂಡು ಹೇಡಿಯ ಮಾತು' ಎಂದು ಪಿಸ್ತೂಲು ಎಸೆದು
ಬೆತ್ತದ ಎರಡು ಕೋಲು ಎತ್ತುತ್ತಾನೆ.
ನೋಡಿದವರು ಅದನ್ನು ತತ್ವ ಅಂದುಕೊಂಡರು.

ನಾಯಕ ಟೆಕ್ಸ್ ಮಡ್ರಿಗಲ್ ಮನಿಲಾದವನು,
ಮುಖ ಚೆಂದ, ಮಂಡಿ ಕೆಟ್ಟಿತ್ತು.
ಕೋಲು ಬೀಸಿದವಳು ಪೆರ್ಪೆತುವಾ,
ಒಣಮೀನು ಮಾರುವವಳು.
ಅಪ್ಪ ಹಿತ್ತಲಲ್ಲಿ ಆರ್ನಿಸ್ ಕಲಿಸಿದ್ದ ಅವಳಿಗೆ,
ಕೆಂಡದಲ್ಲಿ ಸುಟ್ಟು ಹದಮಾಡಿದ ಬೆತ್ತದಲ್ಲಿ.
ಜಡೆಯನ್ನು ಹ್ಯಾಟಿನೊಳಗೆ ಸುತ್ತಿ ಪಿನ್ನು ಚುಚ್ಚಿ
ಅವಳು ಓಡಿದರೆ ಮರಳು ಕೂಡ ತಡವಾಗಿ ಏಳುತ್ತಿತ್ತು.
ನಾನು ಅವಳ ಕೈಯಲ್ಲಿ ಒಂಬತ್ತು ಸಲ ಸತ್ತೆ.
ಐದನೆಯ ಸಾವಿನಲ್ಲಿ ಪೆಟ್ಟು ನಿಜಕ್ಕೂ ಬಿತ್ತು.
ಕ್ಷಮಿಸು ಅನ್ನಲಿಲ್ಲ,
ಮಾರನೆಯ ದಿನ ಎಲೆಯಲ್ಲಿ ಎರಡು ಮೀನು ಕಟ್ಟಿ ತಂದಳು.

ಕೊನೆಯ ಕಾಳಗ.
ಉಳಿದದ್ದು ಮೂರು ನಿಮಿಷದ ರೀಲು,
ಮುಳುಗಲು ಹೊರಟ ಸೂರ್ಯ.
ಆ ಕಡೆ ಡಕಾಯಿತ ಎಲಿಸೆಯೊ (ನಮ್ಮ ಕ್ಷೌರಿಕ),
ಈ ಕಡೆ ಹ್ಯಾಟು ಹಾಕಿದ ಪೆರ್ಪೆತುವಾ.
ನಡುವೆ ಇಪ್ಪತ್ತು ಹೆಜ್ಜೆ ಮೌನ.
ಅವಳು ಬಲಗೈ ಮೇಲೆತ್ತಿದಳು, ಕೋಲಿನ ಸಮೇತ.

ಬಿತುವೆನ್ ಹನ್ನೊಂದು ವರ್ಷದಿಂದ ಜಟಕಾ ಎಳೆದದ್ದು.
ಎತ್ತಿದ ಕೈ ಅಂದರೆ ಅದಕ್ಕೆ ಒಂದೇ ಅರ್ಥ.
ದಿಬ್ಬದ ಹಿಂದಿನಿಂದ ತಾನೇ ತಾನಾಗಿ
ಟಕಟಕ ಬಂತು,
ಇಬ್ಬರ ನಡುವೆ ನಿಂತಿತು,
ಮೂತಿ ತಗ್ಗಿಸಿ ಕಾಯಿತು.

ಯಾರೂ ಕಟ್ ಅನ್ನಲಿಲ್ಲ.
ಅನ್ನಲು ಇನ್ನೊಂದು ರೀಲು ಇರಲಿಲ್ಲ.
ಎಲಿಸೆಯೊ ಮರದ ಪಿಸ್ತೂಲನ್ನು ನೋಡಿದ,
ಕುದುರೆಯನ್ನು ನೋಡಿದ.
ಅವಳು ಕೋಲು ಮರಳಲ್ಲಿ ಊರಿ
ಇಲ್ಲದ ಗಾಡಿಯ ಇಲ್ಲದ ಮೆಟ್ಟಿಲಿಗೆ ಒಮ್ಮೆ ಕಾಲಿಟ್ಟು,
ನಕ್ಕು, ಬೆನ್ನೇರಿ ಹೋದಳು.
ಕ್ಯಾಮೆರಾದವನು ಮೈಮರೆತು ಹಿಂದೆಯೇ ತಿರುಗಿದ.
ಚಪ್ಪರ ಕಂಡಿತು, ಸಮುದ್ರ ಕಂಡಿತು,
ರೀಲು ಮುಗಿಯಿತು.

ಲಾವಾಗ್‌ನ ಟಾಕೀಸಿನಲ್ಲಿ ನಾಲ್ಕು ದಿನ ಓಡಿತು.
ಹತ್ತಿರದಿಂದ ಮಡ್ರಿಗಲ್ ಮುಖ,
ದೂರಕ್ಕೆ ಹೋದದ್ದೇ ನಡಿಗೆ ಬೇರೆ.
'ಪೆರ್ಪೆತುವಾ!' ಎಂದು ಗ್ಯಾಲರಿ ಶಿಳ್ಳೆ ಹೊಡೆಯಿತು.
ಸತ್ತ ನಾನು ಪಕ್ಕದಲ್ಲೇ ಕಡಲೆಕಾಯಿ ತಿನ್ನುತ್ತಿದ್ದೆ.
ಟೆಕ್ಸಸ್‌ಗೆ ಕಡಲು ಬಂದಾಗ ಮಾತ್ರ
ಯಾರೂ ನಗಲಿಲ್ಲ.
ಯಾಕೋ ಗೊತ್ತಿಲ್ಲ.

ಬಾಡಿಗೆ ಬಾಕಿ ಕೊಡದೆ ಕಂಪನಿ ಓಡಿಹೋಯಿತು.
ನನಗೆ ದಕ್ಕಿದ್ದು ಆ ಹ್ಯಾಟು,
ಒಳಗೆ ಒಂದು ಪಿನ್ನು, ಒಂದು ಉದ್ದ ಕೂದಲು,
ಉಪ್ಪಿನ ವಾಸನೆ.

ಗುರುವಾರ ಸಂತೆಯ ಮೂಲೆಯಲ್ಲಿ
ಬುಟ್ಟಿ ಹೊತ್ತು ನಿಂತಿದ್ದಳು. ಕೈ ಎತ್ತಿದಳು.
ನಾನು ಹಗ್ಗ ಜಗ್ಗುವ ಮೊದಲೇ ಬಿತುವೆನ್ ನಿಂತಿತು.
ಎಲ್ಲಿಗೆ ಅಂದೆ.
ಕಡಲ ಕಡೆ ಅಂದಳು, ಹ್ಯಾಟು ನೋಡುತ್ತ.
ಎರಡು ಪೆಸೊ ಅಂದೆ.
ಒಂದೂವರೆ ಅಂದಳು.