ಒಂಬತ್ತನೆಯ ಅಧ್ಯಾಯ

ಡೊಂಬಿವಲಿ ಪೂರ್ವ, ಗಾಯಕವಾಡನ ರದ್ದಿ ಅಂಗಡಿ.
ಮರಾಠಿ ಪತ್ರಿಕೆಗಳ ಕಟ್ಟಿನ ಜೊತೆ
ತಕ್ಕಡಿ ಏರಿ ಕೂತಿತ್ತು, ರಟ್ಟು ಕಿತ್ತುಹೋದ
ಒಂದೇ ಒಂದು ಕನ್ನಡ ಪುಸ್ತಕ.
ಹನ್ನೆರಡು ರೂಪಾಯಿ ಎಂದ. ಚೌಕಾಶಿ ಮಾಡಲಿಲ್ಲ.

ಕಥೆ ಗೊತ್ತಿದ್ದದ್ದೇ.
ಬುಧವಾರವನ್ನು ಯಾರೋ ಕದ್ದೊಯ್ದ ಊರು,
ಹುಡುಕಿ ಹೊರಡುವ ಹುಡುಗ,
ಏಳು ಬಾಗಿಲ ಆಚೆ ಒಬ್ಬಳು ಮುದುಕಿ.
ಸಿನಿಮಾ ನೋಡಿದ್ದೆನಲ್ಲ, ಮಾಟುಂಗದಲ್ಲಿ,
ಎಂಬತ್ತೋ ಎಂಬತ್ತೊಂದೋ, ಭಾನುವಾರ ಬೆಳಗಿನ ಆಟ,
ರಾತ್ರಿಶಾಲೆಯ ಮಾಸ್ತರರು ಕರೆದಿದ್ದಾರೆಂದು
ಹೋಟೆಲಿನ ಗಲ್ಲಾಕ್ಕೆ ಸುಳ್ಳು ಹೇಳಿ.

ಎಂಟು ನಲವತ್ತೆರಡರ ಸ್ಲೋ ಗಾಡಿ. ಪುಣ್ಯಕ್ಕೆ ಕಿಟಕಿ.
ಮುಂಬ್ರಾ ತನಕ ಆ ನಟನೇ
ಪುಟದಿಂದ ಪುಟಕ್ಕೆ ಕತ್ತಿ ಬೀಸುತ್ತ ಓಡಾಡಿದ,
ಹದಿನಾಲ್ಕರ ಹುಡುಗನಾಗಿ, ಮೀಸೆ ಬೋಳಿಸಿಕೊಂಡು.
ಪುಸ್ತಕದಲ್ಲಿ ಕತ್ತಿಯೇ ಇಲ್ಲ.
ಟವೆಲಿನ ತುದಿಯಲ್ಲಿ ಕಟ್ಟಿದ ಮಂಡಕ್ಕಿ,
ಕೇಳದ ಒಂದು ಕಿವಿ,
ಇಷ್ಟೇ ಅವನ ಆಯುಧ.

ಮುದುಕಿಗೆ ಹಸಿರು ಹಲ್ಲೂ ಇಲ್ಲ.
ಅಗಳಿ ಹಾಕುವಾಗ ಒಂದು, ಎರಡು ಎಂದು
ಬಾಗಿಲು ಎಣಿಸುವ ಅಭ್ಯಾಸವೊಂದಿದೆ.
ಯಾಕಜ್ಜಿ ಕದ್ದೆ ಎಂದು ಹುಡುಗ ಕೇಳುತ್ತಾನೆ.
ಮಗಳು ಉಸಿರಾಡುತ್ತಿದ್ದ ಕೊನೆಯ ದಿನ ಕಣೋ,
ಬಿಟ್ಟುಕೊಟ್ಟರೆ ಗುರುವಾರವಾಗಿಬಿಡುತ್ತದೆ,
ಎನ್ನುತ್ತಾಳೆ.
ಠಾಣೆಯಲ್ಲಿ ಜನ ನುಗ್ಗಿದರು. ನನ್ನ ಬೆರಳು
ಆ ಸಾಲಿನ ಮೇಲೇ ಇತ್ತು.

ಸಿನಿಮಾದಲ್ಲಿ ಅವಳನ್ನು ಸುಟ್ಟಿದ್ದರು.
ನಾವು ಶಿಳ್ಳೆ ಹೊಡೆದಿದ್ದೆವು,
ಬೂದನೂ ನಾನೂ.

ಬೂದ ನನ್ನ ಜೊತೆ ಗ್ಲಾಸು ತೊಳೆಯುತ್ತಿದ್ದವ.
ಬುಧವಾರ ಹುಟ್ಟಿದ್ದಕ್ಕೆ ಬೂದ,
ಶುಕ್ರವಾರದ ಅಣ್ಣ ತುಕ್ರ.
ಹೋಟೆಲಿನಲ್ಲಿ ಮಾತ್ರ ಅವನು ರಾಜು.
ಧಣಿಗಳು ಇಟ್ಟ ಹೆಸರು;
ಅವನ ಹೆಸರು ಹಿಡಿದು ಕೂಗಿದರೆ
ಊರ ಕಡೆಯ ಗಿರಾಕಿಗಳು
ನೀರಿನ ಲೋಟ ಮುಟ್ಟದೆ ಎದ್ದಾರೆಂದು.

ಆಟ ಬಿಟ್ಟು ಕಿಂಗ್ಸ್ ಸರ್ಕಲಿನ ಸೇತುವೆ ಕೆಳಗೆ
ನಡೆಯುತ್ತ ಬರುವಾಗ ಕೇಳಿದ:
ಆ ಊರಲ್ಲಿ ನಾನು ಹುಟ್ಟಿದ್ದಿದ್ರೆ
ನಂಗೆ ಎಂಥ ಹೆಸರು ಇಡ್ತಿದ್ರು ಮಾರಾಯ?
ರಾಜು, ಎಂದೆ.
ಅವನೂ ನಕ್ಕ.
ಸ್ವಲ್ಪ ತಡವಾಗಿ.

ಈಗ ಘಾಟ್ಕೋಪರ್ ದಾಟಿ ಒಂಬತ್ತನೆಯ ಅಧ್ಯಾಯ,
ಸಿನಿಮಾದವರು ಪೂರ್ತಿ ಕಿತ್ತೊಗೆದದ್ದು.
ಇಲ್ಲದ ದಿನದಲ್ಲಿ ಒಂದು ಮಗು ಹುಟ್ಟಿದೆ ಊರಲ್ಲಿ.
ಸೂಲಗಿತ್ತಿ ಅಂಗಳಕ್ಕೆ ಬಂದು ಆಕಾಶ ನೋಡುತ್ತಾಳೆ,
ಮಂಗಳವಾರ ಮುಗಿದಿದೆ,
ಗುರುವಾರ ಇನ್ನೂ ಹೊಸಿಲಾಚೆ ಚಪ್ಪಲಿ ಬಿಡುತ್ತಿದೆ.
ಏನೆಂದು ಕೂಗುವುದು?
ಮಜ್ಜಿಗೆ ಕಡೆಯುವ ಮನೆಗೆ ಹೋದರೆ ಮಜ್ಜಿಗೆ,
ಹಗ್ಗ ಹೊಸೆಯುವ ಮನೆಗೆ ಹೋದರೆ ಹಗ್ಗ,
ಮಗು ಎಲ್ಲಕ್ಕೂ ಓಗೊಡುತ್ತ ಬೆಳೆಯುತ್ತದೆ.

ಬೂದನ ಪ್ರಶ್ನೆ ಇಲ್ಲೇ ಇತ್ತು,
ಅವನು ಕೇಳುವ ಮೊದಲೇ ಅಚ್ಚಾಗಿ.
ಕುರ್ಲಾ ಬಂದಾಗ ನಟ ಇಳಿದುಹೋಗಿದ್ದ.
ಮಂಡಕ್ಕಿ ಕಟ್ಟಿಕೊಂಡ ಹುಡುಗನಿಗೆ
ಸೋಪಿನ ನೀರಿನಿಂದ ಬಿಳಿಚಿದ ಬೆರಳು, ಗುಂಗುರು ತಲೆ.

ಹುಡುಗ ಬರಿಗೈಯಲ್ಲಿ ಮರಳುತ್ತಾನೆ.
ಬುಧವಾರ ಮುದುಕಿಯ ಬಳಿಯೇ ಉಳಿಯಿತು.
ಆ ಮಗುವಿನ ಹೆಸರು ಮಾತ್ರ
ಅವಳಿಂದ ಕೇಳಿಕೊಂಡು ಬಂದಿದ್ದಾನೆ,
ಕೇಳುವ ಕಿವಿಯಲ್ಲಿ ಇಟ್ಟುಕೊಂಡು.
ಮಗುವನ್ನು ಎತ್ತಿ, ಕಿವಿಯಲ್ಲಿ ಹೇಳಿದ,
ಎಂದಷ್ಟೇ ಬರೆದಿದೆ.
ಪುಟ ತಿರುಗಿಸಿದೆ. ಎಲ್ಲೂ ಇಲ್ಲ.
ಮಾಟುಂಗ ಯಾವಾಗ ಹೋಯಿತೋ ನೋಡಲೇ ಇಲ್ಲ.

ಫೋರ್ಟಿನ ಬ್ಯಾಂಕಿನಲ್ಲಿ ಬದುಕಿದ್ದೇನೆಂದು
ಪಿಂಚಣಿ ಕಾಗದಕ್ಕೆ ಸಹಿ ಹಾಕಿದೆ.
ವಾರ ಯಾವುದೆಂದು ಪಕ್ಕದವರನ್ನು ಕೇಳಿದೆ,
ಸೋಮವಾರವಂತೆ.

ಅವನು ಎಂಬತ್ತೇಳರಲ್ಲಿ
ವಸಾಯಿಯ ಯಾವುದೋ ಕ್ಯಾಂಟೀನಿನಲ್ಲಿದ್ದ,
ಅಷ್ಟೇ ಗೊತ್ತು.
ಹೋಗಿ ಕೇಳಬಹುದು.
ರಾಜು ಎಂದು ಕೂಗಿದರೆ ವಸಾಯಿಯಲ್ಲಿ
ಎಷ್ಟು ಜನ ತಿರುಗಿ ನೋಡುವುದಿಲ್ಲ.