ತಿರುಳಿನ ಬಣ್ಣ

ಕಾಂಪೆಚೆಯ ಜೌಗಿನಲ್ಲಿ ನಿದೆಲ್ವಿಯಾಳ ಅಜ್ಜ
ಕಡಿಯುತ್ತಿದ್ದ ಮರ:
ತೊಗಟೆಯಲ್ಲಿ ಏನೂ ಇಲ್ಲ, ಬಣ್ಣವೆಲ್ಲ ತಿರುಳಲ್ಲಿ.
ಸತ್ತಾಗಲೂ ಅವನ ಉಗುರು ನೇರಳೆ.

ಈಗ ಮೆರಿದಾದ ಆಸ್ಪತ್ರೆ, ಹಿಂಬದಿಯ ಕೋಣೆ.
ಅದೇ ಮರದ ಕಷಾಯ ಬಾಟಲಿಯಲ್ಲಿ.
ಗಾಜಿಗಂಟಿದ ಯಾರದೋ ಎದೆಯ ತೆಳುಪದರ
ಎಂಟು ನಿಮಿಷ ಅದ್ದಿ, ತೊಳೆದು, ಕಣ್ಣಿಟ್ಟರೆ
ಕೋಶಕೋಶದ ಒಳಗೂ ಒಂದೊಂದು ನೀಲಿ ಕಾಳು.
ತಿರುಳಿಗೆ ತಿರುಳೇ ಹತ್ತುತ್ತದೆ.

ಕಾಳು ಒಡೆಯುವ ಹೊತ್ತು
ಗೋಜಲಾದ ನೂಲು ತಾನೇ ಬಿಡಿಸಿಕೊಂಡು
ನಡುವೆ ಸಾಲುಗಟ್ಟಿ
ಅತ್ತ ಅರ್ಧ, ಇತ್ತ ಅರ್ಧ.
ಪಂಚರಿಲ್ಲದ ಪಾಲು.
ಗಾಯ ಮಾಯುವುದು ಹೀಗೆ,
ಬಸಿರು ತುಂಬುವುದೂ ಹೀಗೇ.

ಇಲ್ಲಿ ಮಾತ್ರ ಒಂದು
ಮೂರು ದಿಕ್ಕಿಗೆ ಜಗ್ಗುತ್ತಿದೆ.
ಪಕ್ಕದ್ದು ಊದಿಕೊಂಡು, ಮಸಿ ಚೆಲ್ಲಿದಂತೆ.
ಗೋಡೆ ಹಾರಿ ಬಂದ ಕಳ್ಳನಲ್ಲ,
ಈ ಮನೆಯದೇ ಕೂಸು;
ನಕಲು ತೆಗೆಯುವಾಗ ಎಲ್ಲೋ
‘ಸಾಕು’ ಎಂಬ ಪದ ಬಿಟ್ಟುಹೋಗಿದೆ.

ಮಸೂರದ ಹತ್ತು ಸುತ್ತಿನಲ್ಲಿ
ಒಡೆಯುತ್ತಿರುವವು ಇಪ್ಪತ್ತಮೂರು.
ಎರಡು ಸಲ ಎಣಿಸಿ ಬರೆದಳು.
ಹೆಸರಿಲ್ಲ, ನಂಬರು ಮಾತ್ರ.

ಆ ನಂಬರಿನ ಹೆಂಗಸು ಈಗ
ಹೊರಗಿನ ಬೆಂಚಿನ ಮೇಲೆ ಕೂತು
ಕಸೂತಿ ಹೂವಿನ ಕೊನೆಯ ದಳ ಮುಗಿಸಿ
ದಾರ ಕಡಿಯುತ್ತಿರಬಹುದು,
ಹಲ್ಲಿನಿಂದ.